ಶಾಲೆಗೆ ಹತ್ತಿರದ ಮನೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಭಾಗದ ಜೈನ ಕುಟುಂಬಗಳು ತಿಳಿದಿರಬೇಕಾದ ವಿಷಯಗಳು

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಜೈನ ಸಮಾಜದ ಮನೆಗಳು ಸಂಖ್ಯೆಯಲ್ಲಿ ಕಡಿಮೆ. ಅಂಗಡಿ, ಜಮೀನು, ನೌಕರಿ ಹೀಗೆ ಕಸುಬು ಬೇರೆ ಬೇರೆಯಾದರೂ ಮಕ್ಕಳು ಐದಾರು ವರ್ಷಕ್ಕೆ ಬಂದಾಗ ಎಲ್ಲ ಮನೆಗಳಲ್ಲೂ ಒಂದೇ ಪ್ರಶ್ನೆ ಏಳುತ್ತದೆ. ಮನೆಯನ್ನು ಇದ್ದ ಊರಿನಲ್ಲೇ ಕೊಳ್ಳುವುದೋ, ಒಳ್ಳೆಯ ಶಾಲೆಗಳಿರುವ ದಾವಣಗೆರೆ ಅಥವಾ ಶಿವಮೊಗ್ಗದಲ್ಲಿ ಕೊಳ್ಳುವುದೋ? ಅನೇಕ ಕುಟುಂಬಗಳು ಎರಡನೆಯದನ್ನು ಆರಿಸಿಕೊಂಡು, ತಾಯಿ ಮಕ್ಕಳೊಂದಿಗೆ ನಗರದಲ್ಲಿ, ತಂದೆ ಅಂಗಡಿಯೊಂದಿಗೆ ಊರಿನಲ್ಲಿ, ಅಜ್ಜ-ಅಜ್ಜಿ ಹಳೆಯ ಮನೆಯಲ್ಲಿ ಎಂಬಂತೆ ಹಂಚಿಹೋಗುತ್ತವೆ. ಎರಡು ಅಡುಗೆಮನೆ ನಡೆಸುವ ಖರ್ಚು ಒಂದು ಕಡೆಯಾದರೆ, ದಿನನಿತ್ಯದ ದೇವದರ್ಶನ, ಸ್ವಾಧ್ಯಾಯ, ಹಿರಿಯರ ಸಂಗ ಮಕ್ಕಳಿಗೆ ತಪ್ಪುವುದು ಇನ್ನೊಂದು ಕಡೆ. ಆದ್ದರಿಂದ ಮನೆ ಕೊಳ್ಳುವ ಮುನ್ನ ಶಾಲೆಯ ಹೆಸರಿಗಿಂತ ಮಗುವಿನ ಇಡೀ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಲೆಕ್ಕ ಹಾಕುವುದು ಒಳಿತು.

ನಾಲ್ಕು ಊರು, ಎರಡು ದಿಕ್ಕು

ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮುನ್ನ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾಗಿದೆ. ಸರ್ಕಾರಿ ಕಾಗದಪತ್ರಕ್ಕೆ ದಾವಣಗೆರೆ ಕಡೆ ಮುಖ ಮಾಡಿದರೂ, ಓದು, ಆಸ್ಪತ್ರೆ, ನೆಂಟಸ್ತಿಕೆಗೆ ಹೊನ್ನಾಳಿ-ನ್ಯಾಮತಿಯವರು ಇಂದಿಗೂ ಶಿವಮೊಗ್ಗಕ್ಕೇ ಹೆಚ್ಚು ಹೋಗುತ್ತಾರೆ. ಚನ್ನಗಿರಿಯಿಂದ ಶಿವಮೊಗ್ಗ ಸುಮಾರು 40 ಕಿ.ಮೀ., ದಾವಣಗೆರೆ ಅದಕ್ಕಿಂತ ದೂರ. ಜಗಳೂರಿನವರಿಗೆ ಮಾತ್ರ ಆಯ್ಕೆ ದಾವಣಗೆರೆ ಮತ್ತು ಚಿತ್ರದುರ್ಗದ ನಡುವೆ.

ಈ ಹಳೆಯ ಜಿಲ್ಲಾ ಗಡಿಗೆ ಇಂದೂ ಒಂದು ಬೆಲೆಯಿದೆ. ದಾವಣಗೆರೆ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ. 6ನೇ ತರಗತಿಯ ಪ್ರವೇಶ ಪರೀಕ್ಷೆಗೆ ಕೂರಬೇಕಾದರೆ ಮಗು ಅದೇ ಜಿಲ್ಲೆಯಲ್ಲಿ ವಾಸವಿದ್ದು, ಅಲ್ಲಿಯ ಶಾಲೆಯಲ್ಲೇ 5ನೇ ತರಗತಿ ಓದುತ್ತಿರಬೇಕು. ಶಿವಮೊಗ್ಗದಲ್ಲಿ ಮನೆ ಮಾಡಿ ಮಗುವನ್ನು ಅಲ್ಲಿ ಸೇರಿಸಿದ ಹೊನ್ನಾಳಿಯ ಕುಟುಂಬಕ್ಕೆ ದೇವರಹಳ್ಳಿಯ ಬಾಗಿಲು ಮುಚ್ಚುತ್ತದೆ. ಇನ್ನೊಂದು ನಿಯಮವನ್ನು ಬಹಳ ಜನ ಗಮನಿಸುವುದಿಲ್ಲ. ನವೋದಯದ ಕನಿಷ್ಠ ಶೇ. 75 ಸೀಟುಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಆ ಸೀಟು ಬೇಕಾದರೆ 3, 4 ಮತ್ತು 5ನೇ ತರಗತಿಯನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ನಡುವೆ ಸ್ವಲ್ಪ ಕಾಲ ನಗರದ ಶಾಲೆಗೆ ಹೋಗಿ ಬಂದರೂ ಮಗು ನಗರದ ಅಭ್ಯರ್ಥಿಯೇ. ಪರೀಕ್ಷೆಗೆ ಎರಡನೇ ಅವಕಾಶವೂ ಇಲ್ಲ.

ಸಿಇಟಿಯ ಗ್ರಾಮೀಣ ಮೀಸಲಾತಿಯೂ ಇದೇ ಬಗೆಯದು. ವೃತ್ತಿಶಿಕ್ಷಣ ಕೋರ್ಸುಗಳಲ್ಲಿ ಶೇ. 15 ಸೀಟು ಗ್ರಾಮೀಣ ಶಾಲೆಗಳಲ್ಲಿ 1ರಿಂದ 10ನೇ ತರಗತಿವರೆಗೆ ಓದಿದವರಿಗೆ. ಇಲ್ಲಿ ಪರಿಗಣಿಸುವುದು ಶಾಲೆ ಇರುವ ಜಾಗವನ್ನು. ಮನೆಯ ವಿಳಾಸ ಲೆಕ್ಕಕ್ಕಿಲ್ಲ. ಪುರಸಭೆ ಅಥವಾ ಪಟ್ಟಣ ಪಂಚಾಯಿತಿ ಗಡಿಯಿಂದ ಅರ್ಧ ಕಿ.ಮೀ. ಆಚೆಗಿರುವ ಶಾಲೆಗೂ ಗಡಿಯೊಳಗಿನ ಶಾಲೆಗೂ ಹತ್ತು ವರ್ಷದ ನಂತರ ಎಷ್ಟು ಅಂತರ ಬೀಳುತ್ತದೆಂದು ಸಿಇಟಿ ಬರೆದ ಮಕ್ಕಳ ಪೋಷಕರಿಗೆ ಗೊತ್ತು. ನ್ಯಾಮತಿಯಂಥ ಊರಿನಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಗ್ರಾಮ ಪಂಚಾಯಿತಿಯಾಗಿದ್ದ ಊರು ಈಗ ಪಟ್ಟಣ ಪಂಚಾಯಿತಿ. ಶಾಲೆ ಇಂದು ಯಾವ ವ್ಯಾಪ್ತಿಯಲ್ಲಿದೆ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ಸೂರ್ಯಾಸ್ತದ ಲೆಕ್ಕ

ಮನೆ ಹುಡುಕುವವರಿಗೆ ದಲ್ಲಾಳಿಗಳು ಶಾಲೆಯ ದೂರವನ್ನು ಕಿ.ಮೀ.ನಲ್ಲಿ ಹೇಳುತ್ತಾರೆ. ಜೈನ ಕುಟುಂಬಕ್ಕೆ ಬೇಕಾದದ್ದು ಗಂಟೆಯ ಲೆಕ್ಕ. ದಾವಣಗೆರೆ ಸುತ್ತಮುತ್ತ ಜೂನ್ ಕೊನೆ, ಜುಲೈನಲ್ಲಿ ಸೂರ್ಯ ಮುಳುಗುವುದು ಸಂಜೆ 7ರ ಹತ್ತಿರ. ನವೆಂಬರ್ ಕೊನೆಗೆ ಅದು 5.50ರ ಆಸುಪಾಸಿಗೆ ಇಳಿಯುತ್ತದೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ಪದ್ಧತಿಯ ಮನೆಗಳಲ್ಲಿ ಆ ದಿನಗಳಲ್ಲಿ ಸಂಜೆ 5ಕ್ಕೇ ತಟ್ಟೆ ಹಾಕಬೇಕು. ಸಂಜೆ 4.30ಕ್ಕೆ ಬಿಡುವ ಶಾಲೆಯಿಂದ 40 ಕಿ.ಮೀ. ಬಸ್ಸಿನಲ್ಲಿ, ಹಳ್ಳಿ ಹಳ್ಳಿಗೆ ನಿಲ್ಲಿಸಿಕೊಂಡು ಬರುವ ಮಗು ಮನೆ ಸೇರುವಾಗ 6 ಆಗಿರುತ್ತದೆ. ಹತ್ತನೇ ತರಗತಿಯವರಿಗೆ ವಿಶೇಷ ತರಗತಿ ಶುರುವಾದರೆ ಇನ್ನೂ ತಡ.

ಜೂನ್‌ನಲ್ಲಿ ಪ್ರವೇಶ ಮಾಡಿಸುವಾಗ ಈ ತೊಂದರೆ ಕಣ್ಣಿಗೆ ಬೀಳುವುದಿಲ್ಲ, ದೀಪಾವಳಿ ಕಳೆದ ಮೇಲೆ ಗೊತ್ತಾಗುತ್ತದೆ. ರಾತ್ರಿಭೋಜನ ತ್ಯಾಗ ಅಥವಾ ಚೌವಿಹಾರ ಪಾಲಿಸುವ ಮನೆಯ ಮಗು ನಾಲ್ಕು ತಿಂಗಳು ಹಸಿದು ಮಲಗಬೇಕಾಗುತ್ತದೆ, ಇಲ್ಲವೇ ನಿಯಮ ಸಡಿಲವಾಗುತ್ತದೆ. ಸಡಿಲವಾದದ್ದು ಬೇಸಿಗೆಯಲ್ಲಿ ತಾನಾಗಿ ಬಿಗಿಯಾಗುವುದು ಅಪರೂಪ. ಡಬ್ಬಿಯಲ್ಲಿ ಎರಡನೇ ಊಟ ಕಳಿಸಿ ಬಸ್ಸಿನಲ್ಲೇ ತಿನ್ನಿಸುವ ತಾಯಂದಿರಿದ್ದಾರೆ. ಚಿಕ್ಕ ಮಗುವಿಗೆ ಅದು ಕಷ್ಟ. ಹಾಗಾಗಿ ಮನೆ ಗೊತ್ತು ಮಾಡುವ ಮುನ್ನ ಡಿಸೆಂಬರ್ ತಿಂಗಳ ಸಂಜೆಯನ್ನು ಮನಸ್ಸಿನಲ್ಲಿಟ್ಟು ಮಗು ಬಾಗಿಲಿಗೆ ಬರುವ ಸಮಯವನ್ನು ಬರೆದುಕೊಳ್ಳಬೇಕು. ಹಾಸ್ಟೆಲ್ ಆದರೂ ಅಷ್ಟೇ: ರಾತ್ರಿ ಊಟದ ಗಂಟೆ ಎಷ್ಟು, ಮುಂಚಿತವಾಗಿ ಬಡಿಸುತ್ತಾರೆಯೇ, ಕಂದಮೂಲವಿಲ್ಲದ ಪಲ್ಯ ಪ್ರತ್ಯೇಕ ಸಿಗುತ್ತದೆಯೇ ಎಂದು ವಾರ್ಡನ್ ಬಳಿ ನೇರವಾಗಿ ಕೇಳುವುದರಲ್ಲಿ ಸಂಕೋಚ ಬೇಡ.

ಶಾಲೆಯನ್ನು ನೋಡುವ ಬಗೆ

ಮಾನ್ಯತೆ ಪಡೆದ ಪ್ರತಿ ಶಾಲೆಗೂ 11 ಅಂಕಿಯ ಯು-ಡೈಸ್ ಸಂಖ್ಯೆ ಇರುತ್ತದೆ. ಫಲಕದಲ್ಲಿ ‘ಸಿಬಿಎಸ್‌ಇ ಮಾದರಿ’ ಎಂದು ಬರೆದಿದ್ದರೆ ಅದು ಸಂಯೋಜನೆ ಪಡೆದ ಶಾಲೆಯೆಂದು ಅರ್ಥವಲ್ಲ. ಸಂಯೋಜನೆಯ ಸಂಖ್ಯೆ ಕೇಳಿ ಮಂಡಳಿಯ ಜಾಲತಾಣದಲ್ಲಿ ಪರಿಶೀಲಿಸಬೇಕು. ಎಂಟನೇ ತರಗತಿಗೆ ಬಂದ ಮೇಲೆ ಮಗು ಯಾವ ಮಂಡಳಿಯ ಪರೀಕ್ಷೆ ಬರೆಯುತ್ತದೆಂಬ ಗೊಂದಲದಲ್ಲಿ ಸಿಕ್ಕಿಕೊಂಡ ಪೋಷಕರು ರಾಜ್ಯದಲ್ಲಿ ಕಡಿಮೆಯೇನಿಲ್ಲ.

ಆರ್‌ಟಿಇ ಸೀಟಿನ ಆಸೆಯಿಂದ ಖಾಸಗಿ ಶಾಲೆಯ ಪಕ್ಕ ಮನೆ ಕೊಳ್ಳುವುದರಲ್ಲಿ ಈಗ ಅರ್ಥವಿಲ್ಲ. 2019-20ರಿಂದ ಕರ್ನಾಟಕದಲ್ಲಿ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಶಾಲೆಗಳಿವೆ.

ಜೈನ ಸಮುದಾಯಕ್ಕೆ 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಮಾನ್ಯತೆ ನೀಡಿದೆ. ಅಲ್ಪಸಂಖ್ಯಾತರ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ 6ನೇ ತರಗತಿಗೆ ಜೈನ ಮಕ್ಕಳೂ ಅರ್ಜಿ ಹಾಕಬಹುದು. ಪ್ರಮಾಣಪತ್ರವನ್ನು ತಹಶೀಲ್ದಾರ್ ಕಚೇರಿಯಿಂದ ಮುಂಚೆಯೇ ಮಾಡಿಸಿಟ್ಟುಕೊಂಡರೆ ಮೇ ತಿಂಗಳ ನೂಕುನುಗ್ಗಲು ತಪ್ಪುತ್ತದೆ.

ಯಾವ ಬಡಾವಣೆ?

ಹೊನ್ನಾಳಿಯಲ್ಲಿ ಮೊದಲ ಪ್ರಶ್ನೆ ತುಂಗಭದ್ರೆ. ಮಳೆಗಾಲದಲ್ಲಿ ಹೊಳೆ ಉಕ್ಕಿದಾಗ ಬಾಲರಾಜ್ ಘಾಟ್‌ನಂಥ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗುತ್ತದೆ. ಶಾಲೆ ಎಷ್ಟೇ ಹತ್ತಿರವಿರಲಿ, ಬೇಸಿಗೆಯಲ್ಲಿ ನೋಡಿದ ಮನೆಗೆ ಬೇಸಿಗೆಯಲ್ಲೇ ಮುಂಗಡ ಕೊಡಬಾರದು. ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಕ್ಕಪಕ್ಕದ ಗೋಡೆಯ ಕಲೆಯೇ ಹೇಳುತ್ತದೆ.

ಜಗಳೂರಿನದು ಇದಕ್ಕೆ ತದ್ವಿರುದ್ಧ. ಅದು ಬರದ ತಾಲ್ಲೂಕು, ಅಂತರ್ಜಲದಲ್ಲಿ ಫ್ಲೋರೈಡ್ ಇರುವ ಪ್ರದೇಶ. ನೀರನ್ನು ಸೋಸಿ ಕುಡಿಯುವುದು ನಮ್ಮ ಆಚಾರ, ಆದರೆ ಬಟ್ಟೆಯಲ್ಲಿ ಸೋಸಿದರೆ, ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಬೆಳೆಯುವ ಮಕ್ಕಳ ಹಲ್ಲು, ಮೂಳೆಗೆ ತೊಂದರೆ ಕೊಡುವುದು ಅದೇ. ಮನೆಗೆ ಬರುವುದು ನದಿಮೂಲದ ನಲ್ಲಿ ನೀರೋ ಕೊಳವೆಬಾವಿಯ ನೀರೋ ಎಂದು ವಿಚಾರಿಸಿ, ಕೊಳವೆಬಾವಿಯದಾದರೆ ಪರೀಕ್ಷೆಗೆ ಕೊಟ್ಟ ನಂತರವೇ ವ್ಯವಹಾರ ಮುಂದುವರಿಸಬೇಕು.

ಚನ್ನಗಿರಿ ಅಡಿಕೆಯ ಊರು. ಅಡಿಕೆ ಧಾರಣೆ ಚೆನ್ನಾಗಿರುವ ವರ್ಷ ನಿವೇಶನ ಹೇಳುವ ಬೆಲೆಯೂ ಬಿಗಿಯಾಗಿರುತ್ತದೆ, ಅವಸರವಿಲ್ಲದವರು ಕಾಯಬಹುದು. ಶಿವಮೊಗ್ಗದ ಕಡೆಯ ಶಾಲೆಗೆ ಕಳಿಸುವವರು ಅದೇ ರಸ್ತೆಯ ಬದಿಯಲ್ಲಿ ಮನೆ ನೋಡಿದರೆ, ವಾಹನ ಊರೊಳಗೆ ಸುತ್ತುವ ಸಮಯ ಉಳಿಯುತ್ತದೆ. ನ್ಯಾಮತಿಯವರಿಗೆ ನಗರದಲ್ಲೇ ಮನೆ ಬೇಕೆನಿಸಿದರೆ ಶಿವಮೊಗ್ಗದ ಸವಳಂಗ ರಸ್ತೆ ಸುತ್ತಲಿನ ಭಾಗ ಅನುಕೂಲ, ಊರಿಗೆ ಹೋಗಿಬರಲು ನಗರ ದಾಟಬೇಕಿಲ್ಲ. ಜವಾಹರಲಾಲ್ ನೆಹರೂ ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜೂ ಅದೇ ರಸ್ತೆಯಲ್ಲಿದೆ. ದಾವಣಗೆರೆಯಲ್ಲಿ ವಿದ್ಯಾನಗರ, ಎಂಸಿಸಿ ಬಡಾವಣೆಗಳನ್ನು ಎಲ್ಲರೂ ಕೇಳುತ್ತಾರೆ, ಬೆಲೆಯೂ ಅದಕ್ಕೆ ತಕ್ಕಂತೆ. ಅಲ್ಲಿಂದ ಬಸದಿ ಅಥವಾ ಮಂದಿರಕ್ಕೆ ಬೆಳಗ್ಗೆ ಮಗುವನ್ನು ಕರೆದೊಯ್ದು ಶಾಲೆಯ ಹೊತ್ತಿಗೆ ಹಿಂತಿರುಗಲಾಗುತ್ತದೆಯೇ ಎಂದು ಒಂದು ದಿನ ಓಡಾಡಿ ನೋಡುವುದು ಒಳ್ಳೆಯದು. ಮುನಿಸಂಘ ಬಂದಾಗ ಚೌಕ ಹಾಕುವ ಮನೆತನವಾದರೆ ಬಾಡಿಗೆದಾರರು, ನೆರೆಯವರ ಅಡುಗೆ, ನೀರಿನ ವ್ಯವಸ್ಥೆ ಇವೆಲ್ಲ ನೋಡಲೇಬೇಕು. ಅಪಾರ್ಟ್‌ಮೆಂಟಿಗಿಂತ ಸ್ವತಂತ್ರ ಮನೆ ಅಂಥವರಿಗೆ ಹೊಂದುತ್ತದೆ.

ಕಾಗದಪತ್ರ

ಹೊಸ ಬಡಾವಣೆಗಳಲ್ಲಿ ಮೋಸ ಹೋಗುವುದು ಹೆಚ್ಚಾಗಿ ಭೂ ಪರಿವರ್ತನೆಯಾಗದ ಜಮೀನಿನಲ್ಲಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಪಟ್ಟಣ ವ್ಯಾಪ್ತಿಯಾದರೆ ಇ-ಆಸ್ತಿಯ ಇ-ಖಾತಾ ಇರಬೇಕು. 11ಬಿ ಅಥವಾ ಬಿ-ಖಾತಾ ತೋರಿಸಿ ‘ಆಮೇಲೆ ಸರಿಯಾಗುತ್ತದೆ’ ಎನ್ನುವವರ ಮಾತಿಗೆ ಸಾಲ ಮಾಡಿ ಹಣ ಹಾಕಬಾರದು. ಬ್ಯಾಂಕುಗಳೂ ಅಂಥ ಆಸ್ತಿಗೆ ಸುಲಭವಾಗಿ ಸಾಲ ಕೊಡುವುದಿಲ್ಲ. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿಯೂ ಆಗುವುದಿಲ್ಲ.

ಋಣಭಾರ ಪತ್ರವನ್ನು 13 ವರ್ಷಕ್ಕೆ ಸೀಮಿತಗೊಳಿಸದೆ 30 ವರ್ಷದ್ದು ತೆಗೆಸಬೇಕು. ಜಮೀನು ಮೂಲದಲ್ಲಿ ಯಾರಿಗೆ ಮಂಜೂರಾಗಿತ್ತು ಎಂಬುದನ್ನೂ ವಕೀಲರಿಂದ ನೋಡಿಸಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಕ್ರಯ ಅಸಿಂಧು. 2023ರ ತಿದ್ದುಪಡಿಯ ನಂತರ ಮೂಲ ಮಂಜೂರುದಾರರ ವಾರಸುದಾರರು ಎಷ್ಟು ವರ್ಷ ಕಳೆದರೂ ಕೇಳಬಹುದು. ನಾಲ್ಕು ಕೈ ಬದಲಾಗಿ, ಮೇಲೆ ಮನೆ ಎದ್ದಿದ್ದರೂ ಅಪಾಯ ತಪ್ಪಿದ್ದಲ್ಲ. ಬಡವರ ಜಮೀನನ್ನು ತಿಳಿದೂ ಕೊಳ್ಳುವುದು ಅಚೌರ್ಯ ವ್ರತಕ್ಕೆ ಸಲ್ಲುವುದಿಲ್ಲ ಎಂಬುದು ಬೇರೆ ಮಾತು.

ಖರ್ಚಿನ ಲೆಕ್ಕದಲ್ಲಿ ನೋಂದಣಿಯನ್ನು ಮರೆಯಬಾರದು. ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. ಪಟ್ಟಣ ವ್ಯಾಪ್ತಿಯಲ್ಲಿ ಒಟ್ಟು ಶೇ. 7.6 ಆಗುತ್ತದೆ, 40 ಲಕ್ಷ ರೂಪಾಯಿಯ ಮನೆಗೆ 3 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು.

ಕೊಳ್ಳುವುದೋ, ಬಾಡಿಗೆಯೋ

ಅಂಗಡಿ ಅಥವಾ ತೋಟ ಊರಿನಲ್ಲಿರುವ ಕುಟುಂಬ ಒಂದನೇ ತರಗತಿಗಾಗಿಯೇ ನಗರದಲ್ಲಿ ಎರಡನೇ ಮನೆ ಕೊಳ್ಳುವುದು ಬಹುಪಾಲು ಸಂದರ್ಭಗಳಲ್ಲಿ ದುಬಾರಿ. ಹತ್ತನೇ ತರಗತಿವರೆಗೆ ತಾಲ್ಲೂಕು ಕೇಂದ್ರದ ಶಾಲೆಯಲ್ಲಿ ಓದಿಸಿ, ಪಿಯುಸಿಯ ಎರಡು ವರ್ಷಕ್ಕೆ ನಗರದಲ್ಲಿ ಬಾಡಿಗೆ ಮನೆ ಮಾಡುವುದು ಹಣಕ್ಕೂ ಮನೆಯ ಒಗ್ಗಟ್ಟಿಗೂ ಹಗುರ. ಪಾಠದಲ್ಲಿ ಬೀಳುವ ಕೊರತೆಯನ್ನು ಮನೆಪಾಠದಿಂದ ತುಂಬಬಹುದು. ಇದಕ್ಕೆ ಹೊರತಾದ ಮನೆಗಳೂ ಇವೆ. ಮಗುವಿಗೆ ವಿಶೇಷ ಶಿಕ್ಷಣ ಅಥವಾ ನಿಯಮಿತ ಚಿಕಿತ್ಸೆ ಬೇಕಿದ್ದರೆ, ತಂದೆ-ತಾಯಿ ಇಬ್ಬರ ಕೆಲಸವೂ ನಗರದಲ್ಲಿದ್ದರೆ, ಮೂವರು ಮಕ್ಕಳು ಹಿಂದೆ ಮುಂದೆ ಓದುತ್ತಿದ್ದು ಹದಿನೈದು ವರ್ಷ ಮನೆ ಬಳಕೆಯಾಗುವಂತಿದ್ದರೆ ಕೊಳ್ಳುವುದೇ ಸರಿ. ಅಂಥವರು ಅಜ್ಜ-ಅಜ್ಜಿಗೆ ಕೆಳಅಂತಸ್ತಿನಲ್ಲಿ ಒಂದು ಕೋಣೆ, ಬಸದಿಗೆ ನಡೆದುಹೋಗುವಷ್ಟು ದೂರ, ಇವೆರಡನ್ನು ಮೊದಲು ಬರೆದುಕೊಂಡು ಹುಡುಕಲು ಹೊರಡಬೇಕು. ಶಾಲೆಗೆ ವ್ಯಾನ್ ಬರುತ್ತದೆ, ಹಿರಿಯರನ್ನು ಬಸದಿಗೆ ಕರೆದೊಯ್ಯಲು ಯಾವ ವ್ಯಾನೂ ಬರುವುದಿಲ್ಲ.