ಉಪ್ಪಾಗೆಯ ಹುಳಿ, ಅಮೆರಿಕದ ಗುಳಿಗೆ

ಮಳೆಗಾಲ ಹಿಡಿಯುತ್ತಿದ್ದಂತೆ ಶಿರಸಿ, ಸಿದ್ದಾಪುರದ ಕಡೆಯ ಕಾಡಿನಲ್ಲಿ ಉಪ್ಪಾಗೆ ಹಣ್ಣಾಗುತ್ತದೆ. ಪುಟ್ಟ ಕುಂಬಳಕಾಯಿಯಂತೆ ಗೆರೆಗೆರೆಯಾಗಿ ಉಬ್ಬಿದ ಹಳದಿ ಹಣ್ಣು. ಕಚ್ಚಿದರೆ ಹಲ್ಲು ಚುಳ್ಳೆನ್ನುವ ಹುಳಿ. ಮುರುಗಲು ಇದರ ದಾಯಾದಿ, ಇದೇ ಅಲ್ಲ. ಮಲೆನಾಡಿನವರು ಇದರ ಬೀಜದಿಂದ ಅಡುಗೆಗೆ ತುಪ್ಪ ತೆಗೆಯುತ್ತಿದ್ದರು. ಕೊಡಗಿನ ಹಂದಿಕರಿಗೆ ಕಪ್ಪು ಬಣ್ಣ ಕೊಡುವ ಕಾಚಂಪುಳಿ ಈ ಹಣ್ಣಿನ ರಸವನ್ನೇ ಬತ್ತಿಸಿದ್ದು. ಕೇರಳದ ಮೀನುಸಾರಿನ ಕುಡಂಪುಳಿ ಇದರ ಒಣಸಿಪ್ಪೆ. 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹೊರ್ತುಸ್ ಮಲಬಾರಿಕುಸ್’ನ ಮೊದಲ ಸಂಪುಟದಲ್ಲೇ ಈ ಮರದ ಚಿತ್ರವಿದೆ.

ಶಾಸ್ತ್ರೀಯವಾಗಿ ‘ಗಾರ್ಸಿನಿಯ ಕಂಬೋಜಿಯ’ ಎಂದು ಕರೆದದ್ದರಿಂದ ಇದನ್ನು ಕಾಂಬೋಡಿಯದ ಮರವೆಂದು ತಿಳಿಯಬೇಕಿಲ್ಲ. ಆ ದೇಶದಿಂದ ಯೂರೋಪಿಗೆ ಹೋಗುತ್ತಿದ್ದ ಹಳದಿ ಅಂಟು ಬೇರೊಂದು ಜಾತಿಯ ಮರದ್ದು. ಗೊಂದಲದಲ್ಲಿ ಅದರ ಹೆಸರು ನಮ್ಮ ಮರಕ್ಕೆ ಅಂಟಿಕೊಂಡಿತು.

ಈ ಹುಳಿ ಯಾವುದೆಂಬುದೂ ಬಹುಕಾಲ ತಪ್ಪಾಗಿಯೇ ದಾಖಲಾಗಿತ್ತು. ಟಾರ್ಟಾರಿಕ್, ಸಿಟ್ರಿಕ್ ಆಮ್ಲಗಳೆಂದು ಬರೆದುಕೊಂಡಿದ್ದರು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿಕೊಟ್ಟವರು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್. ನಾಲ್ಕೇ ವರ್ಷದಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದವರು, ದೇಹವು ಸಕ್ಕರೆಯನ್ನು ಕೊಬ್ಬಾಗಿಸಲು ಬಳಸುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂದು ಕಂಡುಕೊಂಡರು. ಇಲಿಗಳಲ್ಲಿ ಫಲವೂ ಕಂಡಿತು. ವ್ಯಾಪಾರಿಗಳಿಗೆ ಇನ್ನೇನು ಬೇಕು? 1990ರ ದಶಕದ ಹೊತ್ತಿಗೆ ಉಪ್ಪಾಗೆಯ ಸಾರ ಬೊಜ್ಜು ಕರಗಿಸುವ ಗುಳಿಗೆಯಾಗಿ ಅಮೆರಿಕದ ಅಂಗಡಿಗಳಲ್ಲಿ ಕುಳಿತಿತ್ತು.

ಸರಿಯಾದ ಪರೀಕ್ಷೆ ನಡೆದದ್ದು ಆಮೇಲೆ. ನ್ಯೂಯಾರ್ಕಿನಲ್ಲಿ 135 ಮಂದಿ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, ಎಲ್ಲರಿಗೂ ಪಥ್ಯದೂಟ ವಿಧಿಸಿ, ಒಂದು ಗುಂಪಿಗೆ ಉಪ್ಪಾಗೆ ಸಾರವನ್ನೂ ಇನ್ನೊಂದಕ್ಕೆ ಬರೀ ತೋರಿಕೆಯ ಗುಳಿಗೆಯನ್ನೂ ಹನ್ನೆರಡು ವಾರ ಕೊಟ್ಟರು. ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಸಾರ ನುಂಗಿದವರು ಸರಾಸರಿ 3.2 ಕಿಲೋ ಇಳಿದಿದ್ದರು. ತೋರಿಕೆಯ ಗುಳಿಗೆಯವರು 4.1 ಕಿಲೋ! ಈ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟಲ್ಲ ಎಂದರು ಸಂಶೋಧಕರು. ಇಳಿಸಿದ್ದು ಪಥ್ಯವೇ. ಅಷ್ಟಾದರೂ ಮಾರಾಟ ನಿಲ್ಲಲಿಲ್ಲ. ಇಂಥ ಗುಳಿಗೆ ನುಂಗಿದ ಕೆಲವರಿಗೆ ಯಕೃತ್ತು ಕೆಟ್ಟ ಪ್ರಕರಣಗಳೂ ಮುಂದೆ ವೈದ್ಯಪತ್ರಿಕೆಗಳಲ್ಲಿ ವರದಿಯಾದವು. ಸಾರಿಗೆ ಹಾಕುವ ನಾಲ್ಕು ಸಿಪ್ಪೆಯೂ ಸಾಂದ್ರಗೊಳಿಸಿದ ಗುಳಿಗೆಯೂ ಒಂದೇ ಅಲ್ಲವಷ್ಟೆ.

ಇತ್ತ ಕಾಡಿನಲ್ಲಿ ಏನಾಯಿತು? ಬೆಲೆ ಏರಿದಾಗ ಕೂಲಿಕಾರರ ಮನೆಗಳಿಗೆ ಮಳೆಗಾಲದಲ್ಲಿ ನಾಲ್ಕು ಕಾಸು ಬಂತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಪೈಪೋಟಿಯಲ್ಲಿ ಹಣ್ಣಾಗುವ ಮೊದಲೇ ಕೊಯ್ದರು, ಕೈಗೆಟುಕದ ಕೊಂಬೆಯನ್ನು ಕಡಿದೇ ಹಾಕಿದರು. ಬಿಸಿಲಿಲ್ಲದ ಕಾಲವಾದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆಯೇ ಒಣಗಿಸಬೇಕು. ಅದಕ್ಕೆ ಸೌದೆಯೂ ಅದೇ ಕಾಡಿನದು. ಕಡಿಮೆ ಸೌದೆಯಲ್ಲಿ ಒಣಗಿಸುವ ಒಲೆಗಳು ಬಂದದ್ದು ತಡವಾಗಿ. ಇನ್ನೊಂದು ಮಾತು: ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕೊಂಬೆ ಕಡಿಸಿಕೊಂಡದ್ದು ಹಣ್ಣು ಬಿಡುವ ಹೆಣ್ಣು ಮರವೇ.