ಸೌರಧ್ರುವಗಳ ಜೆಟ್‌ ಮತ್ತು ಪ್ಲೂಮ್‌ಗಳು

ಸೂರ್ಯನ ಧ್ರುವಗಳ ಮೇಲಿನ ಕರೋನಾದಲ್ಲಿ (ಹೊರ ವಾತಾವರಣದಲ್ಲಿ) ಕಾಣುವ ಅನಿಲರಚನೆಗಳು. ಧ್ರುವಪ್ರದೇಶದ ಕರೋನಾ ರಂಧ್ರಗಳಲ್ಲಿ ಕಾಂತರೇಖೆಗಳು ಬಾಹ್ಯಾಕಾಶಕ್ಕೆ ತೆರೆದುಕೊಂಡಿರುತ್ತವೆ. ಅವುಗಳ ಗುಂಟ ನವಿಲುಗರಿಯ ಎಳೆಗಳಂತೆ ಹರಡಿ ನಿಲ್ಲುವ, ಸುತ್ತಲಿಗಿಂತ ಹೆಚ್ಚು ಸಾಂದ್ರವಾದ ಪ್ಲಾಸ್ಮಾ ಪಟ್ಟಿಗಳೇ ಪ್ಲೂಮ್‌ಗಳು. ಇವು ಸುಮಾರು ಒಂದು ದಿನ ಉಳಿಯಬಲ್ಲವು. ಸೌರಚಟುವಟಿಕೆ ಕನಿಷ್ಠವಾಗಿರುವಾಗ ಸ್ಪಷ್ಟವಾಗಿ ಕಾಣುತ್ತವೆ.

ಜೆಟ್‌ಗಳು ಅಲ್ಪಾಯುಷಿಗಳು. ವಿರುದ್ಧ ಧ್ರುವತೆಯ ಕಾಂತಕ್ಷೇತ್ರಗಳು ಸಂಧಿಸಿ ಮರುಜೋಡಣೆಯಾದಾಗ ಬಿಡುಗಡೆಯಾಗುವ ಶಕ್ತಿಯಿಂದ ಪ್ಲಾಸ್ಮಾ ಸೆಕೆಂಡಿಗೆ ಸುಮಾರು 200 ಕಿ.ಮೀ. ವೇಗದಲ್ಲಿ ಚಿಮ್ಮಿ, ಕೆಲವೇ ನಿಮಿಷಗಳಲ್ಲಿ ಅಡಗುತ್ತದೆ. 1991ರಲ್ಲಿ ಉಡಾಯಿಸಿದ ಜಪಾನಿನ ಯೋಕೋ ಉಪಗ್ರಹ ಕರೋನಾದ ಎಕ್ಸ್‌-ಕಿರಣ ಜೆಟ್‌ಗಳನ್ನು ತೋರಿಸಿತು. 2006ರ ಹಿನೋಡೆ ಉಪಗ್ರಹ ಧ್ರುವಗಳಲ್ಲಿ ಅವು ಎಷ್ಟು ಸಾಮಾನ್ಯವೆಂಬುದನ್ನು ಸ್ಪಷ್ಟಪಡಿಸಿತು. ಹಲವು ಪ್ಲೂಮ್‌ಗಳು ಜೆಟ್‌ ಚಿಮ್ಮಿದ ಜಾಗದಲ್ಲೇ ಮೂಡುತ್ತವೆ.

1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣದಲ್ಲಿ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟು ಇಂಥ ರಚನೆಗಳು ಮೂಡುವ ಕರೋನಾವನ್ನು ಅಧ್ಯಯನ ಮಾಡಿತು. ಇದೇ ಸಂಸ್ಥೆ ಹೊಸಕೋಟೆಯ ತನ್ನ ಕೇಂದ್ರದಲ್ಲಿ ನಿರ್ಮಿಸಿದ ವೆಲ್ಕ್‌ ಎಂಬ ಉಪಕರಣವು, 2023ರ ಸೆಪ್ಟೆಂಬರ್‌ 2ರಂದು ಉಡಾವಣೆಯಾದ ಆದಿತ್ಯ-ಎಲ್‌1 ನೌಕೆಯಲ್ಲಿದ್ದು, ಗ್ರಹಣವಿಲ್ಲದೆಯೇ ಕರೋನಾವನ್ನು ವೀಕ್ಷಿಸುತ್ತಿದೆ.