ಈಜು ಕಲಿಯುವ ಬಾಲಕರ ತೇಲುಸಾಧನ: ರೋಮನ್ ಸಾಹಿತ್ಯದ ಎರಡು ಆಧಾರಗಳು

ಈಜಿನ ಇತಿಹಾಸವನ್ನು ಬರೆಯುವವರು ತೇಲುಸಾಧನಗಳ ಪ್ರಸ್ತಾಪ ಬಂದೊಡನೆ ನಿಮ್ರೂದಿನ ಅಸ್ಸೀರಿಯನ್ ಉಬ್ಬುಶಿಲ್ಪಗಳನ್ನು ಉದಾಹರಿಸುವುದು ವಾಡಿಕೆಯಾಗಿದೆ. ಕ್ರಿ. ಪೂ. 9ನೆಯ ಶತಮಾನದಲ್ಲಿ ಎರಡನೆಯ ಅಶುರ್‌ನಸಿರ್‌ಪಾಲನ ಅರಮನೆಗಾಗಿ ಕಡೆದ, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಈ ಶಿಲ್ಪಗಳಲ್ಲಿ, ಗಾಳಿ ತುಂಬಿದ ತೊಗಲುಚೀಲಗಳನ್ನು ಅವುಚಿಕೊಂಡು ಹೊಳೆ ದಾಟುವವರು ಕಾಣುತ್ತಾರೆ. ಆದರೆ ಅವರು ವಯಸ್ಕರು, ಪ್ರಸಂಗವೂ ಯುದ್ಧದ್ದು. ಇದಕ್ಕೂ ಮಕ್ಕಳ ಕಲಿಕೆಗೂ ಸಂಬಂಧ ಕಲ್ಪಿಸುವುದನ್ನು ನಾವು ಒಪ್ಪಲಾರೆವು.

ಮಕ್ಕಳ ವಿಷಯದಲ್ಲಿ ಸ್ಪಷ್ಟವಾದ ಆಧಾರ ದೊರೆಯುವುದು ರೋಮಿನಲ್ಲಿ. ಅದೂ ಒಂದು ಪ್ರಹಸನದಲ್ಲಿ. ಕ್ರಿ. ಪೂ. 184ರಲ್ಲಿ ತೀರಿಕೊಂಡ ಪ್ಲಾಟಸನ ‘ಔಲುಲಾರಿಯ’ ನಾಟಕದಲ್ಲಿ ಗುಲಾಮನೊಬ್ಬನು, ಪ್ರೇಮದಲ್ಲಿ ಮುಳುಗುತ್ತಿರುವ ಒಡೆಯನಿಗೆ ಸೇವಕನು ಹೇಗೆ ಆಸರೆಯಾಗಬೇಕೆಂಬುದನ್ನು ವಿವರಿಸುತ್ತ, ಈಜು ಕಲಿಯುವ ಹುಡುಗರಿಗೆ ತೊಡಿಸುವ ಜೊಂಡಿನ ತೆಪ್ಪವನ್ನು ಹೋಲಿಕೆಗೆ ತರುತ್ತಾನೆ. ಅದರಿಂದ ಶ್ರಮ ಕಡಿಮೆಯಾಗಿ ಕೈಯಾಡಿಸುವುದು ಸುಲಭವಾಗುತ್ತದೆಂಬ ಕಾರಣವನ್ನೂ ಹೇಳುತ್ತಾನೆ. ಪ್ಲಾಟಸನ ನಾಟಕಗಳು ಗ್ರೀಕ್ ಮೂಲದವಾದುದರಿಂದ ಇದು ಗ್ರೀಕರ ಪದ್ಧತಿಯಾಗಿರಬಾರದೇಕೆ ಎಂಬ ಆಕ್ಷೇಪ ಬರಬಹುದು. ಆದರೆ ನೋಡುವ ಜನಕ್ಕೆ ಪರಿಚಯವಿಲ್ಲದ ವಸ್ತುವಿನಿಂದ ಹಾಸ್ಯನಾಟಕದ ಹೋಲಿಕೆ ಸಾಗದು. ಅರಸನ ಕೀರ್ತಿಗಾಗಿ ಕೆತ್ತಿಸಿದ ಶಿಲ್ಪಕ್ಕಿಂತ, ಮಾತಿನ ನಡುವೆ ತಾನಾಗಿ ನುಸುಳಿದ ಇಂತಹ ಉಲ್ಲೇಖವೇ ದಿನಬಳಕೆಯ ಪದ್ಧತಿಗೆ ನಂಬತಕ್ಕ ಪ್ರಮಾಣವೆಂದು ನಮ್ಮ ಅಭಿಪ್ರಾಯ.

ಎರಡನೆಯ ಆಧಾರ ಹೊರೇಸನದು. ಸುಮಾರು ಕ್ರಿ. ಪೂ. 35ರ ಅವನ ಮೊದಲನೆಯ ವಿಡಂಬನ ಸಂಪುಟದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದ ಅವನ ತಂದೆಯ ಬುದ್ಧಿವಾದವೊಂದಿದೆ: ಮೈಯೂ ಮನಸ್ಸೂ ಬಲಿತ ಮೇಲೆ ಮಗನು ಬೆಂಡಿಲ್ಲದೆ ಈಜುವನೆಂದು. ಜೊಂಡಿನ ಎಡೆಯಲ್ಲಿ ಇಲ್ಲಿ ಮರದ ತೊಗಟೆಯ ಬೆಂಡು ಬಂದಿದೆ. ಅದಕ್ಕಿಂತ ಮುಖ್ಯವಾದುದೆಂದರೆ, ಸಾಧನವನ್ನು ಒಂದು ದಿನ ಕಳಚಲೇಬೇಕೆಂಬುದು ಇಲ್ಲಿ ಹೇಳದೆಯೇ ತಿಳಿದ ಸಂಗತಿಯಾಗಿದೆ. ಇಲ್ಲವಾದರೆ ಅದು ಪ್ರಾಪ್ತವಯಸ್ಸನ್ನು ಸೂಚಿಸುವ ಮಾತಾಗುತ್ತಿರಲಿಲ್ಲ.

1964ರಲ್ಲಿ ಹ್ಯಾಂಬರ್ಗಿನ ಬರ್ನ್‌ಹಾರ್ಡ್ ಮಾರ್ಕ್‌ವಿಟ್ಸ್ ರೂಪಿಸಿದ, ಗಾಳಿ ತುಂಬುವ ತೋಳುಪಟ್ಟಿಯ ಉದ್ದೇಶ ಬೇರೆ. ಅವನ ಪುಟ್ಟ ಮಗಳು ಕೊಳಕ್ಕೆ ಬಿದ್ದು ಬದುಕಿಕೊಂಡ ಪ್ರಸಂಗವೇ ಅದಕ್ಕೆ ಪ್ರೇರಣೆ. ಅದು ಮಗುವಿನ ತಲೆಯನ್ನು ನೀರಿನ ಮೇಲಿರಿಸುತ್ತದೆ, ನಿಜ. ಆದರೆ ಪ್ಲಾಟಸನ ಹುಡುಗರಿಗೆ ಜೊಂಡು ಬಿಡುವು ಮಾಡಿಕೊಟ್ಟ ಕೈಗಳನ್ನೇ ತಡೆಯುತ್ತದೆ. ನಮ್ಮ ಕೆರೆ ಬಾವಿಗಳಲ್ಲಿ ಹಿರಿಯರು ಒಣಗಿದ ಸೋರೆಬುರುಡೆಯನ್ನು ಕಟ್ಟಿ ಹುಡುಗರನ್ನು ನೀರಿಗಿಳಿಸುತ್ತಿದ್ದುದುಂಟು; ಕಟ್ಟುತ್ತಿದ್ದುದು ಸೊಂಟಕ್ಕೆ ಇಲ್ಲವೆ ಬೆನ್ನಿಗೆ.